ಬೇವಿನ ಮರ ತುದಿಯಿಂದ ಒಣಗುತ್ತಿದೆಯೇ? ಕೊಡಲಿ ಎತ್ತುವ ಮುನ್ನ ತೊಗಟೆ ಕೆರೆದು ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಫೋಟೊ ಓಡಾಡಲು ಶುರುವಾಗುತ್ತದೆ. ಮನೆಯ ಹಿತ್ತಲಲ್ಲೋ ರಸ್ತೆ ಬದಿಯಲ್ಲೋ ನಿಂತ ಬೇವಿನ ಮರ. ಕೆಳಗಿನ ಎಲೆ ಹಸಿರಾಗಿದೆ, ತುದಿಗಳೆಲ್ಲ ಬೆಂಕಿಯ ಝಳ ತಗುಲಿದಂತೆ ಕಂದಾಗಿವೆ. ಫೋಟೊ ಜೊತೆಗೆ ಬರುವ ಮಾತು ಸಾಮಾನ್ಯವಾಗಿ ಮೂರರಲ್ಲಿ ಒಂದು: "ಮೊಬೈಲ್ ಟವರ್‌ನಿಂದ ಬೇವು ಸಾಯುತ್ತಿದೆ", "ಬೇವಿಗೇ ರೋಗ ಬಂತೆಂದರೆ ಊರಿಗೆ ಕೇಡು", "ಈ ಮರವನ್ನು ಕೂಡಲೇ ಕಡಿಸಿ, ಇಲ್ಲದಿದ್ದರೆ ಮನೆಯವರಿಗೂ ಅಂಟುತ್ತದೆ".

ಮೊದಲ ಎರಡು ಮಾತು ನಂಬಿದರೆ ಹೆದರಿಕೆ ಅಷ್ಟೇ. ಮೂರನೆಯದನ್ನು ನಂಬಿದರೆ, ಮೂವತ್ತು ನಲವತ್ತು ವರ್ಷ ನೆರಳು ಕೊಟ್ಟ ಮರ ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ ಬೀಳುತ್ತದೆ. ಆ ಮರಗಳಲ್ಲಿ ಬಹುಪಾಲು ಮುಂದಿನ ಯುಗಾದಿಗೆ ಮತ್ತೆ ಚಿಗುರುವಂಥವು. ಹಾಗೆಂದು ಒಣಗುವ ಮರವೆಲ್ಲ ತಾನಾಗಿಯೇ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. ಕೆಲವು ಮರ ಬುಡದಲ್ಲಿ ಕೊಳೆತಿರುತ್ತವೆ, ಒಂದು ಗಾಳಿಗೆ ಮನೆ ಮೇಲೆ ಬೀಳಬಹುದು. ಈ ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೇವಿಗೆ ಬರುವ ಈ ರೋಗ ಯಾವುದು?

ಕೊಂಬೆಯ ತುದಿಯಲ್ಲಿ ಶುರುವಾಗಿ ಹಿಮ್ಮುಖವಾಗಿ ಒಣಗುತ್ತಾ ಬರುವ ಸಮಸ್ಯೆಯನ್ನು ಡೈಬ್ಯಾಕ್ ಎನ್ನುತ್ತಾರೆ. ನಮ್ಮ ಕಡೆ ರೈತರು ತುದಿ ಒಣಗುವ ರೋಗ ಎನ್ನುತ್ತಾರೆ. ಮಾವು, ನಿಂಬೆ, ಮೆಣಸಿನ ಗಿಡಕ್ಕೂ ಇದು ಬರುತ್ತದೆ. ಪ್ರತಿ ಗಿಡದಲ್ಲಿ ಕಾರಣ ಬೇರೆ ಬೇರೆ.

ಬೇವಿನಲ್ಲಿ ಇದಕ್ಕೆ ಮುಖ್ಯ ಕಾರಣ ಫೊಮಾಪ್ಸಿಸ್ ಅಜಾಡಿರಾಕ್ಟೇ ಎಂಬ ಶಿಲೀಂಧ್ರ. ಇದಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಬೇವಿನ ಒಣಗಿದ ಕಡ್ಡಿಗಳಲ್ಲಿ ಸಿಕ್ಕ ಈ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು 1997ರಲ್ಲಿ ವಿವರಿಸಿ ಹೆಸರಿಟ್ಟವರು ಮೈಸೂರಿನ ಸಂಶೋಧಕರು.

ಈ ಶಿಲೀಂಧ್ರ ಎಳೆಯ ಕಡ್ಡಿ, ಹೂಗೊಂಚಲು ಮತ್ತು ಕಾಯಿಗಳಿಗೆ ತಗುಲುತ್ತದೆ. ಮರದ ವಯಸ್ಸು ಲೆಕ್ಕಕ್ಕಿಲ್ಲ, ಸಸಿಗೂ ಬರುತ್ತದೆ, ದೊಡ್ಡ ಮರಕ್ಕೂ ಬರುತ್ತದೆ. ಬೀಜದ ಮೂಲಕವೂ ಮುಂದಿನ ಸಸಿಗೆ ದಾಟುತ್ತದೆ. ತುದಿಯ ಒಣಗಿದ ಕಡ್ಡಿಗಳ ಮೇಲೆ ಇದರ ಬೀಜಕಣಗಳು ಕೂತಿರುತ್ತವೆ. ಮಳೆಹನಿ ಬಿದ್ದು ಸಿಡಿದಾಗ ಪಕ್ಕದ ಕಡ್ಡಿಗೆ ಹಾರುತ್ತವೆ. ಅದಕ್ಕೇ ಮಳೆ ಶುರುವಾದ ಮೇಲೆ ರೋಗ ಕಾಣಿಸಿಕೊಂಡು, ಮಳೆಗಾಲದ ಕೊನೆಗೆ ಮತ್ತು ಚಳಿ ಶುರುವಾಗುವ ಹೊತ್ತಿಗೆ ಜೋರಾಗುತ್ತದೆ. ಫೋಟೊಗಳೂ ಅದೇ ತಿಂಗಳುಗಳಲ್ಲಿ ಹರಿದಾಡುವುದು ಕಾಕತಾಳೀಯವಲ್ಲ.

ಇದಕ್ಕೆ ಒಂದು ಕೀಟವೂ ಜೊತೆಗಾರ. ಅದರ ಹೆಸರು ಟೀ ಸೊಳ್ಳೆ. ಹೆಸರಲ್ಲಿ ಸೊಳ್ಳೆ ಇದ್ದರೂ ಇದು ಸೊಳ್ಳೆಯಲ್ಲ, ತಿಗಣೆ ಜಾತಿಗೆ ಹತ್ತಿರದ ಕೀಟ. ಉದ್ದ ಕಾಲು, ಸಣಕಲು ಮೈ, ಬೆನ್ನ ಮೇಲೆ ಗುಂಡುಸೂಜಿ ನೆಟ್ಟಂತೆ ಒಂದು ಸಣ್ಣ ಕಡ್ಡಿ. ಮನುಷ್ಯರನ್ನು ಕಚ್ಚುವುದಿಲ್ಲ. ಕರಾವಳಿಯ ಗೇರು ಬೆಳೆಗಾರರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ, ಅವರ ಗೇರಿನ ಚಿಗುರು ಕಪ್ಪಾಗಿ ಒಣಗುವುದೂ ಇದರಿಂದಲೇ. ಎಳೆ ಚಿಗುರಿಗೆ ಕೊಂಡಿ ಚುಚ್ಚಿ ರಸ ಹೀರುವಾಗ ಇದರ ಜೊಲ್ಲು ಒಳಹೋಗುತ್ತದೆ. ಚುಚ್ಚಿದ ಜಾಗದ ಸುತ್ತ ಕಂದು ಕಲೆ ಮೂಡಿ ಚಿಗುರು ಬಾಡುತ್ತದೆ. ಆ ಗಾಯವೇ ಶಿಲೀಂಧ್ರಕ್ಕೆ ತೆರೆದ ಬಾಗಿಲು.

2021ರಲ್ಲಿ ತೆಲಂಗಾಣದ ಹಲವೆಡೆ ಬೇವಿನ ಮರಗಳು ಸಾಲುಸಾಲಾಗಿ ಒಣಗಿದಾಗ ಅಲ್ಲಿನ ಕೃಷಿ ವಿಜ್ಞಾನಿಗಳು ಬೊಟ್ಟು ಮಾಡಿದ್ದೂ ಈ ಶಿಲೀಂಧ್ರ ಮತ್ತು ಈ ಕೀಟದ ಕಡೆಗೇ.

ಹಾಗಾದರೆ ಟವರ್ ಕಾರಣವಲ್ಲವೇ?

ಇದಕ್ಕೆ ಉತ್ತರ ಹುಡುಕಲು ಪ್ರಯೋಗಾಲಯ ಬೇಕಿಲ್ಲ. ನಿಮ್ಮ ಬೀದಿಯಲ್ಲೇ ನೋಡಿ. ಬೇವಿನ ಪಕ್ಕದಲ್ಲಿ ನಿಂತ ಹೊಂಗೆ, ಮಾವು, ನುಗ್ಗೆ ಹಸಿರಾಗಿವೆಯೇ? ಟವರ್‌ನ ತರಂಗ ಬೇವನ್ನು ಮಾತ್ರ ಆರಿಸಿಕೊಂಡು ಸುಡುವುದಿಲ್ಲ. ಒಂದೇ ಜಾತಿಯ ಮರ ಮಾತ್ರ ಒಣಗುತ್ತಿದೆ ಎಂದರೆ, ಆ ಜಾತಿಗೆ ಅಂಟುವ ರೋಗ ಅಥವಾ ಕೀಟವನ್ನು ಮೊದಲು ಅನುಮಾನಿಸಬೇಕು.

ಎರಡನೆಯದು ಇಸವಿ. ನಮ್ಮ ದೇಶದಲ್ಲಿ 5ಜಿ ಸೇವೆ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ತೆಲಂಗಾಣದ ಬೇವು ಒಣಗಿದ್ದು ಅದಕ್ಕೂ ಹಿಂದಿನ ವರ್ಷ. ಶಿಲೀಂಧ್ರಕ್ಕೆ ಹೆಸರು ಬಿದ್ದದ್ದು ಅದಕ್ಕೂ 24 ವರ್ಷ ಹಿಂದೆ. ಕಾರಣ ಎನ್ನುವುದು ಪರಿಣಾಮಕ್ಕಿಂತ ಮೊದಲು ಬರಬೇಕಲ್ಲವೇ?

ಶಿಲೀಂಧ್ರವೇ ಕಾರಣ ಎಂದು ಹೇಳುವುದಕ್ಕೂ ಒಂದು ಕ್ರಮವಿದೆ. ರೋಗ ಬಂದ ಕಡ್ಡಿಯಿಂದ ಶಿಲೀಂಧ್ರವನ್ನು ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಅದನ್ನು ಆರೋಗ್ಯವಾಗಿರುವ ಸಸಿಗೆ ತಗುಲಿಸುತ್ತಾರೆ. ಸಸಿಗೆ ಅದೇ ರೋಗ ಬರಬೇಕು, ಅದರಿಂದ ಮತ್ತೆ ಅದೇ ಶಿಲೀಂಧ್ರ ಸಿಗಬೇಕು. ಆಗ ಮಾತ್ರ ಸಸ್ಯರೋಗ ತಜ್ಞರು ಒಪ್ಪುತ್ತಾರೆ. ಟವರ್ ಪಕ್ಕದ ಮರದ ಒಂದು ಫೋಟೊ ಈ ಪರೀಕ್ಷೆಗೆ ಸಮನಲ್ಲ.

"ಬೇವೇ ಔಷಧಿ, ಅದಕ್ಕೆ ರೋಗ ಬರುವುದು ಹೇಗೆ?"

ಈ ಪ್ರಶ್ನೆ ನ್ಯಾಯವಾದದ್ದೇ. ಬೇವಿನ ಎಣ್ಣೆಗೆ ಶಿಲೀಂಧ್ರ ತಡೆಯುವ ಗುಣವಿದೆ ಎಂಬುದು ನಮ್ಮ ರೈತರಿಗೆ ತಲೆಮಾರುಗಳಿಂದ ಗೊತ್ತು. ಅದೇ ವಿಚಾರಕ್ಕೆ ಯುರೋಪಿನಲ್ಲಿ ಒಂದು ಪೇಟೆಂಟ್ ಕೊಟ್ಟು, ಭಾರತದವರು ಹೋರಾಡಿದ ಮೇಲೆ 2000ದಲ್ಲಿ ಅದನ್ನು ರದ್ದು ಮಾಡಲಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಆದರೆ ಎಣ್ಣೆ ಬರುವುದು ಬೀಜದಿಂದ. ಬೇವಿನ ಹೆಸರುವಾಸಿ ಕೀಟನಾಶಕ ಅಂಶವಾದ ಅಜಾಡಿರಾಕ್ಟಿನ್ ಹೆಚ್ಚಾಗಿರುವುದೂ ಬೀಜದಲ್ಲೇ. ಎಳೆಯ ಕಡ್ಡಿ ಎಣ್ಣೆಯಲ್ಲಿ ಅದ್ದಿಟ್ಟಂತೆ ಇರುವುದಿಲ್ಲ. ಅಲ್ಲದೆ, ಯಾವ ಗಿಡದ ಕಹಿಯೂ ಎಲ್ಲರನ್ನೂ ತಡೆಯುವುದಿಲ್ಲ. ನೂರು ಕೀಟ ದೂರ ಹೋದರೆ ಒಂದೆರಡು ಅದೇ ಕಹಿಗೆ ಒಗ್ಗಿಕೊಂಡು ಅಲ್ಲೇ ಬಿಡಾರ ಹೂಡುತ್ತವೆ. ವೈದ್ಯರಿಗೂ ಜ್ವರ ಬರುತ್ತದೆ. ಬೇವಿಗೆ ರೋಗ ಬರುವುದೂ ಅಷ್ಟೇ ಸಹಜ. ಅದರಲ್ಲಿ ಶಕುನವೂ ಇಲ್ಲ, ಅಪಶಕುನವೂ ಇಲ್ಲ.

ಮೊದಲ ಪರೀಕ್ಷೆ: ಒಣಗಿದೆಯೋ, ಎಲೆ ಉದುರಿಸಿದೆಯೋ?

ಬೇವು ವರ್ಷಕ್ಕೊಮ್ಮೆ ಎಲೆ ಬದಲಿಸುವ ಮರ. ನಮ್ಮಲ್ಲಿ ಸಂಕ್ರಾಂತಿ ಕಳೆದ ಮೇಲೆ ಎಲೆ ಹಳದಿಯಾಗಿ ಉದುರುತ್ತದೆ, ಕೆಲವು ವಾರ ಮರ ಬೋಳಾದಂತೆ ಕಾಣುತ್ತದೆ, ಆಮೇಲೆ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಬೇವು ಬೆಲ್ಲಕ್ಕೆ ಹೂ ಸಿಗುವುದು ಇದರ ಬೆನ್ನಿಗೇ. ಜನವರಿ, ಫೆಬ್ರುವರಿಯಲ್ಲಿ ಮರ ಬೋಳಾಗಿದ್ದರೆ ಗಾಬರಿ ಬೇಡ.

ವ್ಯತ್ಯಾಸ ಹೀಗೆ ತಿಳಿಯಿರಿ. ಸಹಜವಾಗಿ ಉದುರುವ ಎಲೆ ಹಳದಿಯಾಗಿ ಕೆಳಗೆ ಬೀಳುತ್ತದೆ. ರೋಗದಲ್ಲಿ ಎಲೆ ಕಂದಾಗಿ, ಮುರುಟಿಕೊಂಡು, ಬೀಳದೆ ಕಡ್ಡಿಗೇ ನೇತಾಡುತ್ತಿರುತ್ತದೆ.

ಆಮೇಲೆ ಉಗುರಿನ ಪರೀಕ್ಷೆ. ಕೈಗೆ ಸಿಗುವ ಒಂದು ಒಣಗಿದ ಕಡ್ಡಿ ಹಿಡಿದು ತುದಿಯಲ್ಲಿ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಕಂದು ಬಣ್ಣವಿದ್ದು ಒಣಗಿದ್ದರೆ ಆ ಭಾಗ ಸತ್ತಿದೆ. ಒಂದು ಗೇಣು ಹಿಂದೆ ಬಂದು ಮತ್ತೆ ಕೆರೆಯಿರಿ. ಹೀಗೆ ಕಾಂಡದ ಕಡೆ ಬರುತ್ತಾ ಎಲ್ಲಿ ಹಸಿರು, ತೇವ ಸಿಗುತ್ತದೋ ಅಲ್ಲಿಂದ ಹಿಂದಕ್ಕೆ ಮರ ಜೀವಂತ. ದೂರದಿಂದ ಸತ್ತಂತೆ ಕಾಣುವ ಎಷ್ಟೋ ಮರಗಳಲ್ಲಿ ಒಂದೆರಡು ಅಡಿ ಹಿಂದಕ್ಕೇ ಹಸಿರು ಸಿಗುತ್ತದೆ.

ಎರಡನೆಯ ಪರೀಕ್ಷೆ: ಎಲ್ಲಿ ಒಣಗಿದೆ?

ಮರದಿಂದ ಇಪ್ಪತ್ತು ಮೂವತ್ತು ಹೆಜ್ಜೆ ದೂರ ನಿಂತು ಸುತ್ತ ಒಂದು ಸುತ್ತು ಬನ್ನಿ. ಒಣಗಿದ ಜಾಗವೇ ಕಾರಣದ ಸುಳಿವು ಕೊಡುತ್ತದೆ.

ಮರದ ತುಂಬೆಲ್ಲ ಎಳೆ ತುದಿಗಳು ಮಾತ್ರ ಒಣಗಿವೆ, ದಪ್ಪ ಕೊಂಬೆಗಳು ಹಸಿರಾಗಿವೆ: ಇದೇ ನಾವು ಮೇಲೆ ಹೇಳಿದ ಶಿಲೀಂಧ್ರ ಮತ್ತು ಟೀ ಸೊಳ್ಳೆಯ ಲಕ್ಷಣ. ಸುತ್ತಲಿನ ಬೇರೆ ಬೇವಿನ ಮರಗಳೂ ಹೀಗೆಯೇ ಇದ್ದರೆ ಅನುಮಾನ ಇನ್ನೂ ಗಟ್ಟಿ.

ಒಂದೇ ಒಂದು ದೊಡ್ಡ ಕೊಂಬೆ ಪೂರ್ತಿ ಒಣಗಿದೆ: ಆ ಕೊಂಬೆಯನ್ನು ಬುಡದವರೆಗೆ ಗಮನಿಸಿ. ಕಾಂಡ ಕೊರಕದ ತೂತು, ಹೊಟ್ಟಿನಂಥ ಪುಡಿ, ಸೀಳು, ಬಿಗಿದ ತಂತಿ ಇದೆಯೇ? ಬೇರೆ ಬಗೆಯ ಎಲೆಯ ಗಿಡ ಕೊಂಬೆಯ ಮೇಲೆ ಹಬ್ಬಿದೆಯೇ? ಅದು ಬಂದಳಿಕೆ. ಮರದ ನೀರು, ಲವಣ ಹೀರಿ ಬದುಕುವ ಪರಾವಲಂಬಿ. ಅದರ ಆಚೆಯ ಕೊಂಬೆ ಸೊರಗುತ್ತದೆ.

ಮರದ ಒಂದು ಮಗ್ಗುಲು ಮಾತ್ರ ಒಣಗಿದೆ: ಆ ಮಗ್ಗುಲಿನ ನೆಲ ನೋಡಿ. ಚರಂಡಿ, ನೀರಿನ ಪೈಪು, ಕೇಬಲ್ ಅಥವಾ ಕಾಂಪೌಂಡಿಗೆ ಪಾಯ ತೆಗೆದಿದ್ದಾರೆಯೇ? ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಎರಡು ಅಡಿಯೊಳಗೇ ಇರುತ್ತವೆ, ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಒಂದು ಗುಂಡಿ ತೋಡಿದರೆ ಆ ಬದಿಯ ಬೇರು ತುಂಡಾಗುತ್ತದೆ.

ಇಡೀ ಮರ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ, ಎಲೆ ಸಣ್ಣದಾಗುತ್ತಿದೆ, ನೆತ್ತಿ ಬೋಳಾಗುತ್ತಿದೆ: ಬೇರಿಗೆ ಉಸಿರು ಸಿಗುತ್ತಿಲ್ಲ ಎಂದು ಅನುಮಾನಿಸಿ. ಬುಡದವರೆಗೆ ಕಾಂಕ್ರೀಟ್, ಟೈಲ್ಸ್ ಹಾಕಿದ್ದೀರಾ? ಕಟ್ಟೆ ಕಟ್ಟಿಸಿ ಕಾಂಡದ ಸುತ್ತ ಮಣ್ಣು ತುಂಬಿಸಿದ್ದೀರಾ? ಮಳೆ ನೀರು ನಿಲ್ಲುತ್ತದೆಯೇ? ಬೇವು ಬರ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಬೇರಿಗೆ ಬಿದ್ದ ಪೆಟ್ಟು ಅದೇ ವರ್ಷ ಕಾಣುವುದಿಲ್ಲ. ಒಂದೆರಡು ವರ್ಷ, ಕೆಲವೊಮ್ಮೆ ಇನ್ನೂ ತಡವಾಗಿ ನೆತ್ತಿಯಲ್ಲಿ ಕಾಣುತ್ತದೆ. ಹಾಗಾಗಿ "ಈ ವರ್ಷ ಏನೂ ಮಾಡಿಲ್ಲವಲ್ಲ" ಎಂದು ಬಿಡಬೇಡಿ, ನಾಲ್ಕೈದು ವರ್ಷದ ಹಿಂದಿನ ಕೆಲಸಗಳನ್ನು ನೆನಪಿಸಿಕೊಳ್ಳಿ.

ಕಾಂಡದ ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆ, ತೊಗಟೆ ಒತ್ತಿದರೆ ಮೆತ್ತಗಿದೆ, ರಸ ಸೋರುತ್ತಿದೆ: ಇದೊಂದು ಮಾತ್ರ ಕಾಯುವ ವಿಷಯವಲ್ಲ. ತೆಂಗಿನ ತೋಟದವರಿಗೆ ಅಣಬೆ ರೋಗ ಗೊತ್ತು. ಅದೇ ಬಗೆಯ ಶಿಲೀಂಧ್ರಗಳು ಬೇರೆ ಮರಗಳ ಬೇರು, ಬುಡವನ್ನೂ ಕೊಳೆಸುತ್ತವೆ. ಮೇಲೆ ಎಲೆ ಹಸಿರಾಗಿದ್ದರೂ ಮರ ಬೀಳಬಹುದು. ಮರ ಹೊಸದಾಗಿ ವಾಲಿದ್ದರೆ, ಬುಡದ ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ ಅದರ ಕೆಳಗೆ ವಾಹನ ನಿಲ್ಲಿಸಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ, ತಿಳಿದವರನ್ನು ಕೂಡಲೇ ಕರೆಸಿ.

ಕಾಂಡದ ಮೇಲೆ ಗೆದ್ದಲಿನ ಮಣ್ಣು ಕಂಡರೆ ಅನೇಕರು ಅದನ್ನೇ ಅಪರಾಧಿ ಮಾಡುತ್ತಾರೆ. ಸಾಮಾನ್ಯವಾಗಿ ಗೆದ್ದಲು ತಿನ್ನುವುದು ತೊಗಟೆಯ ಹೊರಗಿನ ಸತ್ತ ಪದರವನ್ನು. ಮಣ್ಣು ಕೆರೆದು ಕೆಳಗಿನ ತೊಗಟೆ ಗಟ್ಟಿಯಿದೆಯೇ ನೋಡಿ. ಗಟ್ಟಿಯಿದ್ದರೆ ಒಣಗುವುದಕ್ಕೆ ಕಾರಣ ಬೇರೆಲ್ಲೋ ಇದೆ.

ಏನು ಮಾಡಬೇಕು?

ತುದಿ ಒಣಗುವ ರೋಗವೇ ಆಗಿದ್ದರೆ, ಕೈಗೆಟುಕುವ ಸಣ್ಣ ಮರದಲ್ಲಿ ಒಣಗಿದ ಕಡ್ಡಿಗಳನ್ನು ಮಳೆಯಿಲ್ಲದ ದಿನ ಕತ್ತರಿಸಿ. ಕಂದು ಭಾಗ ಮುಗಿದು ಹಸಿರು ಶುರುವಾದ ಮೇಲೆ ಇನ್ನೂ ಮೂರು ನಾಲ್ಕು ಇಂಚು ಹಿಂದಕ್ಕೆ ಕತ್ತರಿಸಬೇಕು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. ಕತ್ತರಿಸಿದ ಕಡ್ಡಿಗಳನ್ನು ಮರದ ಬುಡದಲ್ಲೇ ರಾಶಿ ಹಾಕಬೇಡಿ, ಮುಂದಿನ ಮಳೆಗೆ ರೋಗ ಹರಡುವುದು ಅಲ್ಲಿಂದಲೇ. ಆಳವಾಗಿ ಹೂಳಿ.

ದೊಡ್ಡ ಮರಕ್ಕೆ ಔಷಧಿ ಹೊಡೆಯುವ ಗೋಜಿಗೆ ಹೋಗದಿರುವುದೇ ಲೇಸು. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ, ಟೀ ಸೊಳ್ಳೆಗೆ ಕೀಟನಾಶಕ ಎಂದು ಶಿಫಾರಸು ಇರುವುದು ನಿಜ. ಅವು ನರ್ಸರಿಯ ಸಸಿಗೆ, ಎಳೆ ಮರಕ್ಕೆ ಹೊಂದುತ್ತವೆ. ಮನೆಗಳ ನಡುವೆ ನಲವತ್ತು ಅಡಿ ಮೇಲಕ್ಕೆ ಸಿಂಪಡಿಸಿದರೆ ಅರ್ಧ ಔಷಧಿ ಪಕ್ಕದ ಮನೆಯ ಬಾವಿ, ಬಟ್ಟೆ, ಮಕ್ಕಳ ಮೇಲೆ ಬೀಳುತ್ತದೆ. ಸಿಂಪಡಿಸಲೇಬೇಕೆಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರಿಗೆ ಕಡ್ಡಿಯ ಮಾದರಿ ತೋರಿಸಿ, ಅವರು ಹೇಳಿದ ಅಳತೆಯಲ್ಲೇ ಮಾಡಿ. ಔಷಧಿ ಹೊಡೆದ ಮರದ ಹೂ, ಚಿಗುರನ್ನು ಯುಗಾದಿಗಾಗಲಿ, ಕಷಾಯಕ್ಕಾಗಲಿ ಬಳಸಬೇಡಿ.

ಬೇರಿನ ಸಮಸ್ಯೆಯಾದರೆ ಔಷಧಿ ಅಂಗಡಿಯಲ್ಲಿ ಉತ್ತರವಿಲ್ಲ. ಬುಡದ ಸುತ್ತಲಿನ ಕಾಂಕ್ರೀಟ್ ತೆಗೆಸಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಲು ಆದೇಶಿಸಿದ್ದು ಇದೇ ಕಾರಣಕ್ಕೆ. ತೆಗೆಯುವಾಗ ಬೇರಿಗೆ ಹಾರೆ ತಾಗದಂತೆ ನೋಡಿಕೊಳ್ಳಿ. ಕಾಂಡಕ್ಕೆ ಒರಗಿಸಿದ ಮಣ್ಣು ಸರಿಸಿ. ನೀರು ನಿಲ್ಲುತ್ತಿದ್ದರೆ ಹರಿದುಹೋಗಲು ದಾರಿ ಮಾಡಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನೆರಳಿನ ಅಂಚಿನಲ್ಲಿ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಬಿಡಿ. ತರಗೆಲೆ ಹರಡಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ಇವನ್ನು ಮಾತ್ರ ಮಾಡಬೇಡಿ

ಬುಡಕ್ಕೆ ಉಪ್ಪು ಸುರಿಯುವುದು: ಉಪ್ಪು ಬೇರಿನಿಂದ ನೀರು ಕಸಿಯುತ್ತದೆ, ಸೊರಗಿದ ಮರವನ್ನು ಇನ್ನೂ ಸೊರಗಿಸುತ್ತದೆ.

ಸೀಮೆಎಣ್ಣೆ, ಡೀಸೆಲ್ ಹಾಕುವುದು: ಮಣ್ಣಿನ ಜೀವ ಸಾಯುತ್ತದೆ, ಬೇರು ಸುಡುತ್ತದೆ.

ಕಾಂಡಕ್ಕೆ ತೂತು ಕೊರೆದು ಇಂಗು ಅಥವಾ ಪುಡಿ ತುಂಬುವುದು, ಮೊಳೆ ಹೊಡೆಯುವುದು: ಪ್ರತಿ ತೂತೂ ಶಿಲೀಂಧ್ರಕ್ಕೆ ಹೊಸ ದಾರಿ.

ಮರ ಸೊರಗಿದೆ ಎಂದು ಯೂರಿಯಾ ಸುರಿಯುವುದು: ಒಮ್ಮೆಗೇ ಎಳೆ ಚಿಗುರು ನುಗ್ಗಿ ಬರುತ್ತದೆ, ಟೀ ಸೊಳ್ಳೆಗೆ ಬೇಕಾಗಿರುವುದೂ ಅದೇ.

ವಿದ್ಯುತ್ ತಂತಿಯ ಹತ್ತಿರದ ಕೊಂಬೆಯನ್ನು ನೀವೇ ಹತ್ತಿ ಕಡಿಯುವುದು: ಲೈನ್ ಬಂದ್ ಮಾಡಿಸದೆ ಮುಟ್ಟಬೇಡಿ. ವಿದ್ಯುತ್ ಕಚೇರಿಗೆ ತಿಳಿಸಿ.

ಮನೆಯವರಿಗೆ ಅಂಟುತ್ತದೆಯೇ?

ಇಲ್ಲ. ಇದು ಬೇವಿನ ಕಡ್ಡಿಯಲ್ಲಿ ಬದುಕುವ ಶಿಲೀಂಧ್ರ. ಆ ಮರದ ಕೆಳಗೆ ಕೂತರೆ, ಮಲಗಿದರೆ, ಒಣಗಿದ ಎಲೆ ಗುಡಿಸಿದರೆ ಈ ರೋಗ ನಿಮಗೆ ಬರುವುದಿಲ್ಲ. ಪಕ್ಕದ ತೆಂಗಿಗೋ ಹೊಂಗೆಗೋ ದಾಟುತ್ತದೆ ಎಂದು ಬೇವನ್ನು ಕಡಿಯಬೇಕಿಲ್ಲ. ಆದರೆ ಸಸಿ ಮಾಡುವ ಆಸೆಯಿದ್ದರೆ ರೋಗ ಬಂದ ಮರದ ಬೀಜ ಆರಿಸಬೇಡಿ, ಆರೋಗ್ಯವಾಗಿರುವ ಮರದ್ದೇ ಆರಿಸಿ.

ಕಡಿಯುವುದೇ ಆದರೆ?

ತುದಿ ಒಣಗಿದ ಮರಕ್ಕೆ ಒಂದು ಯುಗಾದಿಯವರೆಗಾದರೂ ಗಡುವು ಕೊಡಿ. ಫೆಬ್ರುವರಿ, ಮಾರ್ಚ್‌ನಲ್ಲಿ ಒಣಗಿದ ತುದಿಯ ಕೆಳಗಿನಿಂದ ಹೊಸ ಚಿಗುರು ಬಂದರೆ ಮರ ತಾನೇ ಉತ್ತರ ಕೊಟ್ಟಂತೆ. ಆ ವರ್ಷ ಹೂ, ಕಾಯಿ ಕಡಿಮೆಯಾಗಬಹುದು, ಮುಂದಿನ ಮಳೆಗಾಲದಲ್ಲಿ ಮತ್ತೆ ತುದಿ ಒಣಗಲೂಬಹುದು. ಆದರೂ ದೊಡ್ಡ ಮರಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಚಿಗುರು ಬಾರದೆ, ದಪ್ಪ ಕೊಂಬೆಯಲ್ಲೂ, ಕಾಂಡದಲ್ಲೂ ಉಗುರಿಗೆ ಹಸಿರು ಸಿಗದಿದ್ದರೆ ಆ ಮರ ಮುಗಿದಿದೆ.

ಬುಡ ಕೊಳೆತ, ವಾಲಿದ ಮರಕ್ಕೆ ಈ ಗಡುವು ಅನ್ವಯಿಸುವುದಿಲ್ಲ. ಅಲ್ಲಿ ಜೀವ ಮೊದಲು. ಎರಡೂ ಸಂದರ್ಭದಲ್ಲಿ ಮರ ನಿಮ್ಮ ಜಾಗದಲ್ಲೇ ಇದ್ದರೂ ಕಡಿಯುವ ಮುನ್ನ ಅರಣ್ಯ ಇಲಾಖೆ ಅಥವಾ ನಗರಪಾಲಿಕೆಯ ವೃಕ್ಷ ಅಧಿಕಾರಿಯ ಬಳಿ ಅನುಮತಿಯ ವಿಚಾರ ಕೇಳಿಕೊಳ್ಳಿ. ಕರ್ನಾಟಕದಲ್ಲಿ ಇದಕ್ಕೆಂದೇ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಫಾರ್ವರ್ಡ್ ಮಾಡುವ ಮುನ್ನ

ಒಣಗಿದ ಬೇವಿನ ಫೋಟೊ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ. ಫೋಟೊ ಯಾವ ತಿಂಗಳಿನದು? ಮರದಲ್ಲಿ ಒಣಗಿರುವುದು ಎಲ್ಲಿ, ತುದಿಯೋ, ಒಂದು ಮಗ್ಗುಲೋ, ಬುಡವೋ? ಪಕ್ಕದ ಬೇರೆ ಜಾತಿಯ ಮರಗಳು ಹೇಗಿವೆ? ಈ ಮೂರಕ್ಕೆ ಉತ್ತರವಿಲ್ಲದ ಫೋಟೊದಿಂದ ಯಾವ ಕಾರಣವನ್ನೂ ಹೇಳಲಾಗದು.

ಚಿಕ್ಕದಾಗಿ ಹೇಳುವುದಾದರೆ: ಮಳೆಗಾಲದ ಕೊನೆಗೆ ಬೇವಿನ ತುದಿ ಒಣಗುವುದಕ್ಕೆ ಮುಖ್ಯ ಕಾರಣ ಶಿಲೀಂಧ್ರ ಮತ್ತು ಟೀ ಸೊಳ್ಳೆ, ಟವರ್ ಅಲ್ಲ. ಇದು ಮನುಷ್ಯರಿಗೆ ಅಂಟುವುದಿಲ್ಲ. ತೊಗಟೆ ಕೆರೆದಾಗ ಹಸಿರು ಕಂಡರೆ ಮರ ಬದುಕಿದೆ, ಯುಗಾದಿವರೆಗೆ ಕಾಯಿರಿ. ಬುಡದಲ್ಲಿ ಅಣಬೆ, ಕೊಳೆ, ವಾಲಿಕೆ ಕಂಡರೆ ಕಾಯಬೇಡಿ. ನಿಮ್ಮ ಗುಂಪಿಗೆ ಕಳಿಸುವುದಿದ್ದರೆ ಈ ಕೊನೆಯ ಪ್ಯಾರಾ ಒಂದನ್ನೇ ಕಳಿಸಿದರೂ ಸಾಕು.